ಒಂದೇ ಮನೆಯ ಎರಡು ಟ್ಯೂಬು

ಫೆಬ್ರವರಿ 17, ಸೋಮವಾರ

ಹನೂರು ಕಡೆ ಹದಿನಾಲ್ಕು ಮನೆ. ಸ್ಯಾಂಪಲ್ ಟ್ಯೂಬು ಇಪ್ಪತ್ತೊಂದು. ಕಾಮಗೆರೆ ತನಕ ಬಸ್ಸಿನಲ್ಲಿ ನಿಂತೇ ಬಂದೆ, ಐಸ್ ಬಾಕ್ಸ್ ಕಾಲಿನ ಸಂದಿಯಲ್ಲಿ.

ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಎಂದರೆ ಹೆಂಗಸರು ಹೆದರುತ್ತಾರೆ. ಡಾಕ್ಟರ್ ಮುಂದೆ ಮಲಗಬೇಕಿಲ್ಲ, ನೀವೇ ಒಳಗೆ ಹೋಗಿ ಈ ಬ್ರಷ್‌ನಲ್ಲಿ ಸ್ಯಾಂಪಲ್ ತೆಗೆದು ಟ್ಯೂಬಿಗೆ ಹಾಕಿ ಎಂದರೆ ಒಪ್ಪುತ್ತಾರೆ.

ಒಂದು ಮನೆಯಲ್ಲಿ ಇಬ್ಬರು — ಶಿವಮ್ಮ, 54. ಸೊಸೆ ಕವಿತ, 32. ಶಿವಮ್ಮ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಹರಕೆ ಹೊತ್ತಿದ್ದಾರೆ. ಈಗ ಇಂಥದ್ದೆಲ್ಲ ಆಗುವುದಿಲ್ಲ ಎಂದರು. “ಎರಡೂ ತುಂಬಿ ಕೊಡಿ ಶಿವಮ್ಮೋರೆ, ಖಾಲಿ ಟ್ಯೂಬ್ ಹೋದ್ರೆ ನನಗೆ ಬೈತಾರೆ” ಎಂದೆ, ತಮಾಷೆಗೆ. ಕವಿತ ನಕ್ಕಳು. ಪಕ್ಕದ ಮನೆ ಮುಗಿಸಿ ಬರುವಷ್ಟರಲ್ಲಿ ಎರಡೂ ರೆಡಿ.

ಏಪ್ರಿಲ್ 9, ಬುಧವಾರ, ಬೆಳಿಗ್ಗೆ 11

ಮೈಸೂರಿನಿಂದ, ನಮ್ಮ ಅಧ್ಯಯನ ನಡೆಸುವ ದೀಪ ಡಾಕ್ಟರ್ ಫೋನ್. ಲ್ಯಾಬ್ ಫಲಿತಾಂಶ ಬಂದಿದೆ. ಶಿವಮ್ಮ, ಕವಿತ — ಇಬ್ಬರ ಟ್ಯೂಬಿನಲ್ಲೂ ಎಚ್‌ಪಿವಿ 16.

ಈ ವೈರಸ್ ಇರುವುದು ದೊಡ್ಡದಲ್ಲ. ಬಹುಪಾಲು ಹೆಂಗಸರಲ್ಲಿ ಬಂದು ತಾನೇ ಹೋಗುತ್ತದೆ. ಹೋಗದೆ ಉಳಿದು ಕ್ಯಾನ್ಸರ್ ಕಡೆಗೆ ಹೊರಟಾಗ ಆ ವೈರಸ್ಸಿನ ಡಿಎನ್‌ಎ ಮೇಲೆ ಮೀಥೈಲ್ ಎಂಬ ರಾಸಾಯನಿಕದ ಗುರುತು ಹೆಚ್ಚುತ್ತಾ ಹೋಗುತ್ತದೆ. ನಮ್ಮ ಅಧ್ಯಯನ ಅದನ್ನೇ ಅಳೆಯುವುದು. ಆರು ಜಾಗ, ಶೇಕಡಾವಾರು ಲೆಕ್ಕ.

ಶಿವಮ್ಮನ ಹೆಸರಿನ ಟ್ಯೂಬು: 61, 58, 44, 67, 52, 39.
ಕವಿತಳ ಹೆಸರಿನದು: 60, 58, 45, 67, 52, 40.

ಎರಡೂ ಹೆಚ್ಚು. ಬೇಗ ನೋಡಬೇಕಾದ ಕೇಸು. ಆದರೆ ಎರಡು ಬೇರೆ ಮೈಗಳಲ್ಲಿ ಆರಕ್ಕೆ ಆರೂ ಹೀಗೆ ಕೂಡಿ ಬರುವುದಿಲ್ಲ. “ಇದು ಒಬ್ಬಳದ್ದೇ” ಎಂದರು ಡಾಕ್ಟರ್. “ಯಾರದ್ದು, ಕೇಳಿ.”

ಏಪ್ರಿಲ್ 12, ಶನಿವಾರ

ಹೋಗಿ ಕೇಳಿದೆ. ಶಿವಮ್ಮ ರಾಗಿ ಕೇರುತ್ತಿದ್ದರು. ಮೊರ ನಿಲ್ಲಿಸಲಿಲ್ಲ.

“ಎರಡೂ ನಂದೇ ಕಣವ್ವ. ಅವ್ಳು ಅವತ್ತು ಮುಟ್ಟಾಗಿದ್ಲು. ನಾನೇ ತುಂಬ್ದೆ.”

“ಹರಕೆ ಅಂದ್ರಲ್ಲ?”

“ಮಾದಪ್ಪ ಏನ್ ನನ್ ಹಿಂದೇನೇ ನಿಂತಿದ್ನಾ, ನೋಡಕ್ಕೆ?”

ಕವಿತ ಅಡುಗೆಮನೆಯಿಂದ ಆಚೆ ಬರಲಿಲ್ಲ. ಬರೆದುಕೊಂಡೆ: ಎರಡೂ ಶಿವಮ್ಮನದು.

ಏಪ್ರಿಲ್ 24, ಗುರುವಾರ

ಯಳಂದೂರು ಶಿಬಿರ. ಶಿವಮ್ಮ ಮೊದಲ ಬಸ್ಸಿಗೇ ಬಂದಿದ್ದರು. ಡಾಕ್ಟರ್ ದುರ್ಬೀನು ಹಾಕಿ ಗರ್ಭಕೊರಳು ನೋಡಿದರು. ಕಲೆ ಇಲ್ಲ, ಏನೂ ಇಲ್ಲ. ಅನುಮಾನಕ್ಕೆ ಮತ್ತೊಂದು ಸ್ಯಾಂಪಲ್ ತೆಗೆದರು.

“ಏನೂ ಇಲ್ವಾ? ಸರಿಯಾಗ್ ನೋಡಿ” ಎಂದರು ಶಿವಮ್ಮ. ಇಲ್ಲ ಎಂದರೆ ಎಲ್ಲರೂ ಕೈಮುಗಿಯುತ್ತಾರೆ. ಇವರು ಹಾಗೆ ಮಾಡಲಿಲ್ಲ.

ಮೇ 15, ಗುರುವಾರ

ಶಿವಮ್ಮನ ಹೊಸ ಸ್ಯಾಂಪಲ್‌ನಲ್ಲಿ ವೈರಸ್ಸೇ ಇಲ್ಲ. ಅಷ್ಟು ಗುರುತು ಹೊತ್ತ ವೈರಸ್ಸು ಎರಡು ತಿಂಗಳಲ್ಲಿ ಮಾಯವಾಗುವುದಿಲ್ಲ ಎಂದರು ಡಾಕ್ಟರ್.

ಹಾಗಾದರೆ ಎರಡೂ ಕವಿತಳದು. ಮೂರು ತಿಂಗಳು ಹೋಯಿತು.

ಫೆಬ್ರವರಿ 17ರ ಪುಟ ತೆಗೆದು ಓದಿದೆ. ಖಾಲಿ ಟ್ಯೂಬ್ ಹೋದ್ರೆ ನನಗೆ ಬೈತಾರೆ… ನನ್ನದೇ ಅಕ್ಷರ.

ಮೇ 17, ಶನಿವಾರ

ಕವಿತಳ ಗಂಡ ಮಹದೇವು ಹೊಲಕ್ಕೆ ಹೋಗಿರುವ ಹೊತ್ತು ನೋಡಿ ಹೋದೆ.

“ನಿಮ್ಗೆ ಬೈತಾರಲ್ಲ ಅಂತ ನಾನೇ ಎರಡೂ ತುಂಬ್ದೆ ಅಕ್ಕ” ಎಂದಳು ಕವಿತ. “ಇಂಗಾಯ್ತದೆ ಅಂತ ಯಾರಿಗ್ ಗೊತ್ತು.”

ಶಿವಮ್ಮನನ್ನು ಕೇಳಿದೆ — ಯಾಕೆ ಸುಳ್ಳು ಹೇಳಿದಿರಿ?

“ಮುದ್ಕಿಗೆ ಬಂದದೆ ಅಂದ್ರೆ ಯಾರೂ ಏನೂ ಅನ್ನಕಿಲ್ಲ. ಅವ್ಳ್ಗೆ ಅಂದ್ರೆ? ಮದ್ವೆಯಾಗಿ ಒಂಬತ್ ವರ್ಸ, ಮಕ್ಳಿಲ್ಲ. ನನ್ ಮಗ ಇನ್ನೊಬ್ಬಳ್ನ ತಕಂಡು ಬಂದ್ಬುಟ್ಟಾನು.”

ಗೊತ್ತಿದ್ದಷ್ಟು ಹೇಳಿದೆ. ಇನ್ನೂ ಕ್ಯಾನ್ಸರ್ ಆಗಿರಲಿಕ್ಕಿಲ್ಲ. ಈಗ ಕೆಟ್ಟ ಭಾಗ ಮಾತ್ರ ತೆಗೆದರೆ ಗರ್ಭಕೋಶ ಉಳಿಯುತ್ತದೆ, ಮುಂದೆ ಮಗು ಆಗಬಹುದು. ಬಿಟ್ಟರೆ ಎರಡೂ ಇಲ್ಲ.

ಶಿವಮ್ಮ ಯೋಚಿಸಿದರು. “ಮಗಂಗೆ, ನಂಗೇ ಇನ್ನೊಂದ್ಸಲ ಕರದವ್ರೆ ಅಂತೀನಿ. ಇವ್ಳು ಜೊತೆಗೆ ಬತ್ತಾಳೆ.”

ಬೇಡ ಎನ್ನಬೇಕಿತ್ತು. ಮೈಸೂರಿಗೆ ಬರುವ ದಿನ ಬರೆದುಕೊಟ್ಟೆ.

ಮೇ 26, ಸೋಮವಾರ

ಮೈಸೂರು. ಫಾರಂನಲ್ಲಿ ಕವಿತಳ ಹೆಸರೇ ಬರೆದೆ, ಅವಳೇ ಸಹಿ ಹಾಕಿದಳು. ಔಷಧಿ ಹಚ್ಚಿದ ಕೂಡಲೇ ಬಿಳಿ ಮಚ್ಚೆ ಎದ್ದು ಕಂಡಿತು. ಅಷ್ಟು ಜಾಗ ಮಾತ್ರ ಮರಗಟ್ಟಿಸಿ ಆ ಭಾಗ ತೆಗೆದರು. ತುಂಡು ಪರೀಕ್ಷೆಗೆ ಹೋಗಿದೆ.

ಹೊರಗೆ ಬೆಂಚಿನ ಮೇಲೆ ಶಿವಮ್ಮ. ಮಹದೇವು ಫೋನ್ ಬಂತು. “ಒಳಕ್ಕೆ ಕರೀತಾವ್ರೆ ಕಣ್ಲಾ, ಮಡುಗು” ಎಂದು ಕಟ್ ಮಾಡಿ ಅಲ್ಲೇ ಕೂತರು. ಬಾಳೆಹಣ್ಣು ಸುಲಿದರು, ತಿನ್ನಲಿಲ್ಲ.

ಜೂನ್ 9, ಸೋಮವಾರ, ಬೆಳಿಗ್ಗೆ 10

ವರದಿ ಬಂತು. ಕ್ಯಾನ್ಸರ್‌ಗೆ ಮೊದಲಿನ ಹಂತ, ಗ್ರೇಡ್ ಮೂರು. ಕ್ಯಾನ್ಸರ್ ಆಗಿಲ್ಲ. ತೆಗೆದ ತುಂಡಿನ ಅಂಚೆಲ್ಲ ಕ್ಲಿಯರ್, ಒಳಗೆ ಕೆಟ್ಟದ್ದು ಉಳಿದಿಲ್ಲ. ಆರು ತಿಂಗಳಿಗೆ ಮತ್ತೆ ನೋಡಬೇಕು.

ಎರಡು ಸಲ ಓದಿ ಶಿವಮ್ಮನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮಹದೇವು.

“ನಮ್ಮವ್ವಂಗೆ ಏನಾಗದೆ ಸಿಸ್ಟರ್ರೇ? ಬಾಯೇ ಬಿಡಕಿಲ್ಲ ಅಂತದೆ.”

ನಿಮ್ಮ ತಾಯಿಗೆ ಏನೂ ಇಲ್ಲ ಎಂದೆ. ಇದು ನಿಜ.

“ಅಂಗಾರೆ ಯಾಕೆ ಎರಡೆರಡ್ ಸಲ ಕರಸ್ಕಂಡ್ರಿ?”

ಹಿಂದಿನಿಂದ ಕವಿತಳ ದನಿ — “ಫೋನ್ ತನ್ನಿ ಇಲ್ಲಿ.” ಅವಳಿಗೆ ವರದಿ ಓದಿ ಹೇಳಿದೆ. ಮತ್ತೊಮ್ಮೆ ಹೇಳಿ ಎಂದಳು. ಮತ್ತೊಮ್ಮೆ ಹೇಳಿದೆ.

ಆಮೇಲೆ “ಬ್ಯಾಡ ಕಣೇ” ಎಂದರು ಶಿವಮ್ಮ, ದೂರದಿಂದ. ಕವಿತ ಫೋನ್ ಇಡಲಿಲ್ಲ. ನನಗೆ ಕೇಳಲಿ ಅಂತಲೋ, ಮರೆತೋ. ಗಂಡನಿಗೆ ಹೇಳಿದಳು —

“ಅವ್ವಂಗಲ್ಲ ಕಣ್ರಿ. ನಂಗೆ ಬಂದಿದ್ದು.”