ಆರು ತುಂಡಿನ ಸುತ್ತೋಲೆ

ಶಾಲಾ ಉಪಾಹಾರ ಇಲಾಖೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಇಲಾಖೆ ಹಂಚುವ ತಿಂಡಿಯಿಂದ ನನ್ನ ಮೊಮ್ಮಗಳು ಒಂದು ಹಲ್ಲು ಕಳೆದುಕೊಂಡಿದ್ದಾಳೆ. ಇನ್ನೊಂದು ಹೋಗುವ ಹಾದಿಯಲ್ಲಿದೆ. ಅದು ಹೋಗುವ ಮುನ್ನ ನೀವು ಒಂದು ಸುತ್ತೋಲೆಯನ್ನು ಹಿಂಪಡೆಯಬೇಕು. ಆ ಸುತ್ತೋಲೆಗೆ ಕಾರಣನಾದ ಮಹಾನುಭಾವ ಯಾರೆಂಬುದು ನನಗೆ ಚೆನ್ನಾಗಿ ಗೊತ್ತು. ನಿಮಗೆ ಮಾತ್ರ ಇನ್ನೂ ಗೊತ್ತಾದಂತಿಲ್ಲ. ಅದಕ್ಕೇ ಈ ಪತ್ರವನ್ನು ನಾಲ್ಕು ಜನ ಓದುವ ಕಡೆ ಹಾಕಿಸುತ್ತಿದ್ದೇನೆ.

ನಾನು ಹಲ್ಲು ಕಟ್ಟುವವನು. ಮೂವತ್ತೆಂಟು ವರ್ಷಗಳಿಂದ ಒಂದೇ ಕೋಣೆ, ಒಂದೇ ಮೇಜು, ಉಗುರಿನ ಸಂದಿಯಲ್ಲಿ ಅದೇ ಬಿಳಿ ಪುಡಿ. ರೋಗಿಗಳು ನನ್ನ ಬಳಿ ಬರುವುದಿಲ್ಲ. ಕ್ಲಿನಿಕ್ಕಿನಿಂದ ಅವರ ಬಾಯಿಯ ಪ್ಲಾಸ್ಟರ್ ಅಚ್ಚು ಡಬ್ಬಿಯಲ್ಲಿ ಬರುತ್ತದೆ, ಮೇಲೆ ಒಂದು ನಂಬರು ಅಂಟಿಸಿರುತ್ತಾರೆ. ಅಚ್ಚಿಗೆ ಸರಿಯಾಗಿ ಹಲ್ಲು ಕೂರಿಸಿ ವಾಪಸು ಕಳಿಸುತ್ತೇನೆ. ಹಲ್ಲು ಹೋದ ಮೇಲೆ ಶುರುವಾಗುವ ಕೆಲಸ ನನ್ನದು. ಅದು ಹೇಗೆ ಹೋಯಿತೆಂದು ವಿಚಾರಿಸುವ ಗೋಜಿಗೆ ನಾನು ಎಂದೂ ಹೋದವನಲ್ಲ.

ನೀವು ಶಾಲೆಗಳಲ್ಲಿ ಖರ್ಜೂರ, ಒಣದ್ರಾಕ್ಷಿ, ಜೇನುತುಪ್ಪ ಸೇರಿಸಿದ ಅಂಟು ಬಾರ್ ಕೊಡಲು ಶುರು ಮಾಡಿದ್ದು ಎರಡು ವರ್ಷದ ಹಿಂದೆ. ಅದರ ಹೊದಿಕೆಯ ಮೇಲೆ ನಗುವ ಹಲ್ಲಿನ ಚಿತ್ರ ಬೇರೆ! ಮೊಮ್ಮಗಳು ಅದನ್ನು ಬೆಳಿಗ್ಗೆಯೇ ಇಡಿಯಾಗಿ ತಿಂದು, ಮಧ್ಯಾಹ್ನದ ಡಬ್ಬಿಯನ್ನು ಮುಚ್ಚಳ ಕೂಡ ತೆಗೆಯದೆ ಮನೆಗೆ ತರುತ್ತಿದ್ದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಪತ್ರ ಬರೆಯುತ್ತೇನೆ, ಮನೆಯವರಿಗೆಲ್ಲ ಗೊತ್ತಿರುವ ಚಾಳಿ. ಅಂಗಡಿಯ ಹೆಸರಿರುವ ಕಾಗದ ತೆಗೆದು, 'ಇಡೀ ಬಾರನ್ನು ಒಮ್ಮೆಗೇ ಕೊಡಬೇಡಿ, ಸಣ್ಣ ಸಣ್ಣ ತುಂಡು ಮಾಡಿ ದಿನವಿಡೀ ಸ್ವಲ್ಪ ಸ್ವಲ್ಪವೇ ಕೊಡಿ' ಎಂದು ನಿಮಗೆ ಬರೆದೆ.

ಹದಿನೈದೇ ದಿನದಲ್ಲಿ ಸುತ್ತೋಲೆ ಬಂತು! ಕಚೇರಿಯೊಂದು ಅರ್ಜಿಗೆ ಇಷ್ಟು ಬೇಗ ಕಿವಿಗೊಟ್ಟದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. 'ದಂತ ತಜ್ಞರ ಸಲಹೆಯ ಮೇರೆಗೆ ಪ್ರತಿ ಬಾರನ್ನು ಆರು ತುಂಡು ಮಾಡಿ, ಆರು ಪೀರಿಯಡ್‌ಗೆ ಒಂದೊಂದರಂತೆ ಹಂಚತಕ್ಕದ್ದು. ಪ್ರತಿ ಮಗುವೂ ತಿಂದುದನ್ನು ಶಿಕ್ಷಕರು ದೃಢೀಕರಿಸತಕ್ಕದ್ದು.' ದಂತ ತಜ್ಞರು! ನನ್ನ ಕಾಗದದ ನೆತ್ತಿಯ ಮೇಲೆ 'ಕೃತಕ ದಂತ ತಯಾರಕರು' ಎಂದಿತ್ತಲ್ಲ, ನಿಮಗೆ ಅಷ್ಟೇ ಸಾಕಾಯಿತು. ಸುಳ್ಳೇಕೆ ಹೇಳಲಿ, ಆವತ್ತು ನಾನೂ ಉಬ್ಬಿಹೋಗಿದ್ದೆ. ಆ ಸುತ್ತೋಲೆಗೆ ಕಟ್ಟು ಹಾಕಿಸಿ ಮೇಜಿನ ಎದುರು ತೂಗುಹಾಕಿದೆ. ಬಂದವರಿಗೆಲ್ಲ ತೋರಿಸಿದೆ.

ಮೊಮ್ಮಗಳು ಒಂದು ದಿನ ನನ್ನ ಮಡಿಲಲ್ಲಿ ಕೂತು ಗುಟ್ಟು ಹೇಳಿದಳು. "ತಾತ, ತುಂಡು ಚೂರೇ ಚೂರು ಇರುತ್ತೆ. ಅದಕ್ಕೆ ನಾನು ಅಗಿಯೋದೇ ಇಲ್ಲ. ಕೆನ್ನೇಲಿ ಇಟ್ಕೋತೀನಿ. ಮುಂದಿನ ಬೆಲ್ ಹೊಡಿಯೋವರೆಗೂ ಬರುತ್ತೆ." ಎಷ್ಟು ಜಾಣೆ ಎಂದು ಬೆನ್ನು ತಟ್ಟಿದೆ. 

ಮೊದಲು ನನ್ನ ಮೇಜಿಗೆ ಬರುತ್ತಿದ್ದದ್ದೆಲ್ಲ ಮುದುಕರ ಬಾಯಿಗಳು. ಕಳೆದ ವರ್ಷದಿಂದ ಚಿಕ್ಕ ಅಚ್ಚುಗಳು ಹೆಚ್ಚಾದವು. ಹಾಲುಹಲ್ಲು ಅವಧಿಗೆ ಮುಂಚೆ ಕಿತ್ತ ಜಾಗ ಮುಚ್ಚಿಹೋಗದಂತೆ ಒಂದು ತಂತಿಯ ಬಳೆ ಮಾಡಿ ಕೂರಿಸಬೇಕು, ಆ ಕೆಲಸ. ಕೆಲಸ ಹೆಚ್ಚಾಯಿತೆಂದು ಸಂತೋಷಪಟ್ಟೆನೇ ಹೊರತು ಏಕೆ ಎಂದು ಕೇಳಲಿಲ್ಲ. ಕಳೆದ ತಿಂಗಳು ಒಂದು ಡಬ್ಬಿ ತೆರೆದೆ. ಕೆಳಸಾಲಿನ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿ ಕೂತಿದ್ದವು. ನನ್ನ ಮಗಳಿಗೂ ಹಾಗೇ, ತೀರಿಕೊಂಡ ನನ್ನ ಹೆಂಡತಿಗೂ ಹಾಗೇ. ಇದು ಮೊಮ್ಮಗಳ ಬಾಯಿಯೇ ಇರಬೇಕು ಅನ್ನಿಸಿತು. ಮಗಳಿಗೆ ಫೋನ್ ಮಾಡಿದೆ.

"ನೀವು ಬೈತೀರ ಅಂತ ಹೇಳ್ಲಿಲ್ಲಪ್ಪಾ," ಎಂದಳು. "ಮನೇಲಿ ಒಂದು ಚಾಕೊಲೇಟ್ ಕೂಡ ಕೊಡಲ್ಲ. ರಾತ್ರಿ ಬ್ರಷ್ ಮಾಡಿಸದೆ ಮಲಗಿಸಲ್ಲ. ನಾನೇನು ತಪ್ಪು ಮಾಡ್ದೆ ಹೇಳಿ?"

ಅವಳ ಅಳು ಕೇಳಲಾಗದೆ ಅಚ್ಚನ್ನು ಚೀಲಕ್ಕೆ ಹಾಕಿಕೊಂಡು ಕ್ಲಿನಿಕ್ಕಿಗೆ ನಡೆದೆ. ಅಲ್ಲಿಯ ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವರು. "ಎಷ್ಟು ತಿಂದ್ಲು ಅನ್ನೋದಕ್ಕಿಂತ ಎಷ್ಟು ಸಲ ತಿಂದ್ಲು ಅನ್ನೋದು ಮುಖ್ಯ ಸರ್," ಎಂದರು. "ಅಂಟೋ ಸಿಹಿ ಒಂದ್ಸಲ ಬಾಯಿಗೆ ಬಿದ್ರೆ ಅರ್ಧ ಗಂಟೆ ಹಲ್ಲಿನ ಸುತ್ತ ಹುಳಿ ಇರುತ್ತೆ. ಜೊಲ್ಲು ಅದನ್ನ ತೊಳೆದು ಸರಿ ಮಾಡೋಕೆ ಬಿಡುವು ಬೇಕು. ಇವರು ಬೆಲ್ ಹೊಡೆದಾಗೆಲ್ಲ ಒಂದೊಂದು ತುಂಡು ಕೊಟ್ರೆ ಬಿಡುವೆಲ್ಲಿದೆ? ಯಾವ ಪುಣ್ಯಾತ್ಮ ಹೇಳ್ಕೊಟ್ನೋ ಇದನ್ನ!"

ಪುಣ್ಯಾತ್ಮ ಅವರ ಎದುರೇ ಕುರ್ಚಿಯಲ್ಲಿ ಕೂತಿದ್ದ. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಕಿತ್ತ ಹಲ್ಲಿನ ಹಿಂದೆ ಈಗಷ್ಟೇ ಹುಟ್ಟಿರುವ ದವಡೆ ಹಲ್ಲಿನ ಮೇಲೂ ಕಂದು ಚುಕ್ಕೆ ಕಾಣಿಸಿಕೊಂಡಿದೆ. ಅದು ಹಾಲುಹಲ್ಲಲ್ಲ. ಹೋದರೆ ಮತ್ತೆ ಹುಟ್ಟುವುದಿಲ್ಲ.

ಮನೆಗೆ ಬಂದವನೇ ನಿಮಗೆ ಪತ್ರ ಬರೆದೆ. ಉತ್ತರವಿಲ್ಲ. ಮತ್ತೊಂದು ಬರೆದೆ, ಮಾಡಿದ ತಪ್ಪನ್ನೆಲ್ಲ ಒಪ್ಪಿಕೊಂಡೆ. ಅದಕ್ಕೆ ಉತ್ತರ ಬಂತು: 'ಸದರಿ ಕ್ರಮವನ್ನು ದಂತ ತಜ್ಞರ ಸಲಹೆಯ ಮೇರೆಗೆ ಕೈಗೊಳ್ಳಲಾಗಿದೆ. ಅರ್ಜಿದಾರರು ಕೇವಲ ಕೃತಕ ದಂತ ತಯಾರಕರಾಗಿದ್ದು, ಈ ವಿಷಯದಲ್ಲಿ ಅಭಿಪ್ರಾಯ ನೀಡಲು ಅರ್ಹರಲ್ಲ.'

ಸ್ವಾಮಿ, ತಪ್ಪು ಹೇಳಿದಾಗ ನಾನು ತಜ್ಞ, ತಪ್ಪಾಯಿತು ಎಂದಾಗ ಅನರ್ಹನೇ? ನನ್ನ ಮೊದಲ ಪತ್ರವನ್ನೂ ಈ ತಪ್ಪೊಪ್ಪಿಗೆಯನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವ ಒಬ್ಬ ಗುಮಾಸ್ತರೂ ನಿಮ್ಮಲ್ಲಿಲ್ಲವೇ? ಅಷ್ಟು ದೊಡ್ಡ ಕಟ್ಟಡದಿಂದ ಒಬ್ಬರಾದರೂ ಒಬ್ಬ ನಿಜವಾದ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಬಹುದಿತ್ತಲ್ಲ? ಇಷ್ಟೆಲ್ಲ ಕೇಳುವ ಹಕ್ಕು ನನಗೆ ಎಷ್ಟಿದೆಯೋ ತಿಳಿಯದು, ಮೊದಲ ತಪ್ಪು ನನ್ನದೇ. ರಾತ್ರಿ ನಿದ್ದೆ ಕೆಟ್ಟಿರುವುದೂ ನನ್ನದೇ.

ಶಾಲೆಗೂ ಹೋಗಿದ್ದೆ. ಮೊಮ್ಮಗಳಿಗೆ ತುಂಡು ಕೊಡಬೇಡಿ ಎಂದು ಕೈಮುಗಿದೆ. ಆಕೆಯ ಟೀಚರ್ ನಿಮ್ಮ ದೃಢೀಕರಣದ ಪುಸ್ತಕ ತೋರಿಸಿದರು. "ಒಂದು ಮಗು ತಿಂದಿಲ್ಲ ಅಂತ ಬರೆದ್ರೂ ನಾನು ವಿವರಣೆ ಕೊಡ್ಬೇಕು ಯಜಮಾನ್ರೇ. ಆರ್ಡರ್ ಬದಲಾಯಿಸಿ ಅಂತ ಮೇಲಿನವರಿಗೆ ಹೇಳಿ. ನಿಮಗೆ ಪುಣ್ಯ ಬರುತ್ತೆ."

ಆದ್ದರಿಂದ ಹೇಳುತ್ತಿದ್ದೇನೆ. ರಜೆ ಮುಗಿದು ಸೋಮವಾರ ಶಾಲೆ ತೆರೆಯುತ್ತದೆ. ಮೊದಲ ಬೆಲ್ ಹೊಡೆಯುವ ಮುನ್ನ ಆರು ತುಂಡಿನ ಸುತ್ತೋಲೆಯನ್ನು ರದ್ದು ಮಾಡಿ. ಬಾರಿನ ಬದಲು ಕ್ಯಾರೆಟ್, ಸೌತೆಕಾಯಿ, ಹುರಿದ ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಏನಾದರೂ ಕೊಡಿ. ಒಂದು ಹೊತ್ತು ಕೊಡಿ, ಮೇಲೆ ನೀರು ಕುಡಿಸಿ, ಆಮೇಲೆ ಮಕ್ಕಳ ಬಾಯಿಗೆ ಬಿಡುವು ಕೊಡಿ. ಇದು ಡಾಕ್ಟರಮ್ಮನ ಮಾತು, ನನ್ನದಲ್ಲ, ಹಾಗಾಗಿ ನಂಬಬಹುದು. ಉಗ್ರಾಣದಲ್ಲಿರುವ ಬಾರುಗಳನ್ನು ಮುಗಿಸಲೇಬೇಕೆಂದಿದ್ದರೆ ಮಧ್ಯಾಹ್ನದ ಊಟದ ಜೊತೆಗೇ ಕೊಟ್ಟು ಮುಗಿಸಿ. ಮತ್ತು ಆ ನಗುವ ಹಲ್ಲನ್ನು ದಯವಿಟ್ಟು ಅಳಿಸಿ.

ಗೋಡೆಯ ಮೇಲಿದ್ದ ಸುತ್ತೋಲೆಯನ್ನು ಇಳಿಸಿದ್ದೇನೆ. ಆ ಮೊಳೆಗೆ ಈಗ ಮೊಮ್ಮಗಳ ಅಚ್ಚಿನ ಚೀಲ ನೇತುಹಾಕಿದ್ದೇನೆ. ಅವಳಿಗೆ ತಂತಿಯ ಬಳೆ ನಾನೇ ಮಾಡಿದೆ. ಮೂವತ್ತೆಂಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾವುದನ್ನೂ ಮಾಡಿಲ್ಲ. ಹಿಂದಿನ ಆ ದವಡೆ ಹಲ್ಲಿನ ಜಾಗಕ್ಕೆ ಮಾಡುವ ಕೆಲಸ ಮಾತ್ರ ನನಗೆ ಕೊಡಿಸಬೇಡಿ.

ಇಂತಿ,
ನಿಮ್ಮ ಕಡತದಲ್ಲಿರುವ ದಂತ ತಜ್ಞ
(ಅರ್ಹನಲ್ಲದ ಆ ಅರ್ಜಿದಾರನೂ ನಾನೇ)