ಬೆರಳಚ್ಚು ಇಲ್ಲದವನು

ಇಚಿಕಾವಾ, ಜಪಾನ್
೩ ಫೆಬ್ರವರಿ ೨೦೨೫

ಅಕ್ಕರೆಯ ನೀರಜಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ಇಳಿಯಿತೇ? ಅಮೂಲ್ಯಳ ನಿಶ್ಚಿತಾರ್ಥದ ಫೋಟೊ ವಾಟ್ಸಾಪಿನಲ್ಲಿ ನೋಡಿದೆ. ಭಾವನ ಬಣ್ಣ, ಅವ್ವನ ಮೂಗು. ಗುಂಗುರು ಕೂದಲನ್ನು ಮಾತ್ರ ಅಮ್ಮ ಮಗಳಿಬ್ಬರೂ ನೆಟ್ಟಗೆ ಮಾಡಿಸಿಕೊಂಡಿದ್ದೀರಿ. ನಾನು ಚೆನ್ನಾಗಿದ್ದೇನೆ. ಎರಡೂ ಕೈಗೆ ಬ್ಯಾಂಡೇಜ್ ಇರುವುದರಿಂದ ನಾನು ಹೇಳಿದ್ದನ್ನು ವಾಕೋ ಎಂಬ ಊರಿನಲ್ಲಿರುವ ಕನ್ನಡದ ಸಂಶೋಧಕಿ ಶುಭಾ ಅವರು ಬರೆದುಕೊಳ್ಳುತ್ತಿದ್ದಾರೆ. ಪ್ರಾಸ ಮಾತ್ರ ನನ್ನದು.

ಎಡೋಗಾವಾದಲ್ಲಿ ಬಾಲಸುಬ್ರಹ್ಮಣ್ಯನ ಹೋಟೆಲಿನೊಳಗೆ ದುಡಿತಕ್ಕೆ ಮಿತಿಯಿರಲಿಲ್ಲ, ಬಡಿತಕ್ಕೆ ತಿಥಿಯಿರಲಿಲ್ಲ. ಬಂದ ದಿನವೇ ಪಾಸ್‌ಪೋರ್ಟ್ ಕಿತ್ತುಕೊಂಡ. ಮಲಗುವ ಕೋಣೆಗೆ ಹೊರಗಿನಿಂದ ಬೀಗ. ಒಮ್ಮೆ ಸೌಟಿನಿಂದ ಬಾರಿಸಿದಾಗ ನನ್ನ ಹಲ್ಲು ನಾದಿದ ಹಿಟ್ಟಿಗೆ ಬಿತ್ತು. ಹಿಟ್ಟು ಹಾಳು ಮಾಡಿದೆನೆಂದು ಮತ್ತೆ ಬಾರಿಸಿದ. ಅವ್ವ ತೀರಿಕೊಂಡ ಸುದ್ದಿ ಬಂದಾಗ ಊರಿಗೆ ಹೋಗುತ್ತೇನೆಂದೆ. "ಹೋಗೋ ಕರಿಯಾ, ತಗೊಂಡ್ ಹೋಗು!" ಎಂದು ಪಾಸ್‌ಪೋರ್ಟನ್ನು ಉರಿಯುವ ತಂದೂರಿಗೆಸೆದ. ವರ್ಷಗಟ್ಟಲೆ ಅದರೊಳಗೆ ರೊಟ್ಟಿ ಬಡಿದ ಕೈಗಳಲ್ಲವೇ, ನನ್ನನ್ನು ಕೇಳದೆಯೇ ಇಳಿದವು. ರೊಟ್ಟಿಯಾಗಿದ್ದರೆ ಅಂಟಿಸಿ ತಟ್ಟನೆ ಎಳೆದುಕೊಳ್ಳುತ್ತಿದ್ದೆ. ಅಂದು ಅವನು ನನ್ನ ಬೆನ್ನ ಮೇಲೆ ಬಿದ್ದು ಮೊಣಕೈಗಳನ್ನು ಒತ್ತಿ ಹಿಡಿದ. ಅಂಗೈ, ಬೆರಳುಗಳ ಚರ್ಮ ಒಲೆಯ ಗೋಡೆಯಲ್ಲೇ ಉಳಿಯಿತು. ಊಟಕ್ಕೆ ಬಂದಿದ್ದ ಜಪಾನಿ ಅಜ್ಜಿಯೊಬ್ಬರು ಕೂಗು ಕೇಳಿ ಒಳನುಗ್ಗಿ, "ಸುಮಿಮಾಸೆನ್", ಕ್ಷಮಿಸಿ, ಎನ್ನುತ್ತಲೇ ನೀರಿನ ಜಗ್ಗಿನಿಂದ ಅವನ ತಲೆಗೆ ಹೊಡೆದು ಬಿಡಿಸಿದರು. ಪೊಲೀಸರನ್ನು ಕರೆಸಿದವರೂ ಅವರೇ.

ಈಗ ಮೊಕದ್ದಮೆ. ಅವನ ವಾದ ಇಷ್ಟು: ಇವನು ಯಲ್ಲಾಪುರದ ಅಶ್ವತ್ಥನೇ ಅಲ್ಲ, ಎಲ್ಲಿಂದಲೋ ನುಸುಳಿದ ಆಫ್ರಿಕದವನು; ಕಳ್ಳತನಕ್ಕೆ ಬಂದು ಒಲೆಗೆ ಬಿದ್ದ. ವಿಮಾನ ನಿಲ್ದಾಣದಲ್ಲಿ ಕೊಟ್ಟಿದ್ದ ಬೆರಳಚ್ಚಿಗೆ ಹೋಲಿಸೋಣವೆಂದರೆ ಬೆರಳಲ್ಲಿ ಗೆರೆಯೇ ಇಲ್ಲ. ಫೋಟೊ ತೋರಿಸಿದರೆ, ಇವರೆಲ್ಲ ನೋಡಲು ಒಂದೇ ಥರ ಎಂದ. ನನ್ನ ಮುಖ ನೋಡಿ ಪೊಲೀಸರು ಮೊದಲು ಸ್ವಾಹಿಲಿ ದುಭಾಷಿಯನ್ನು ಕರೆಸಿದ್ದರು. ಆತ ಏನೋ ಕೇಳಿದ, ನಾನು ಕನ್ನಡದಲ್ಲಿ ಏನೋ ಹೇಳಿದೆ. ಪರಸ್ಪರ ತಲೆಬಾಗಿ ಬೀಳ್ಕೊಂಡೆವು. ನಮ್ಮ ಸಿದ್ದಿ ಅಜ್ಜಂದಿರನ್ನು ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದವರಿಗೂ ಅವರ ಹೆಸರು ಬೇಕಿರಲಿಲ್ಲ, ಅಲ್ಲವೇ ಅಕ್ಕಾ?

ಭಾವನವರಿಗೆ ನಮಸ್ಕಾರ. ಅಮೂಲ್ಯಳ ಬಾಳು ಬೆಳಗಲಿ, ಸೋದರಮಾವನ ಹರಕೆ ಹತ್ತಲಿ.

ನಿನ್ನ ತಮ್ಮ,
ಅಶ್ವತ್ಥ

ಮರೆತಿದ್ದೆ: ಶುಕ್ರವಾರದೊಳಗೆ ಡಿಎನ್ಎ ಪರೀಕ್ಷೆಗೆ ನಿನ್ನ ರಕ್ತದ ಮಾದರಿ ಬೇಕು, ವಿಡಿಯೊದಲ್ಲಿ ಒಂದು ಮಾತೂ ಬೇಕು ಎನ್ನುತ್ತಾರೆ ನನ್ನ ವಕೀಲೆ ಮೊರಿತಾ-ಸಾನ್: ನಾವು ಸಿದ್ದಿಗಳು, ಇವನು ನನ್ನ ತಮ್ಮ. ಬೀಗರಿಗೆ ನೀನದನ್ನು ಹೇಳಿಲ್ಲ, ಅದಕ್ಕೇ ಫೋನ್ ಎತ್ತುತ್ತಿಲ್ಲ, ಗೊತ್ತು. ಅವ್ವ ಇದ್ದಿದ್ದರೆ ನಿನ್ನನ್ನು ಕೇಳುತ್ತಲೇ ಇರಲಿಲ್ಲ. ನನಗೆ ಅಕ್ಕನೇ ಇಲ್ಲವೆಂದು ಬಾಲಸುಬ್ರಹ್ಮಣ್ಯ ಕೋರ್ಟಿಗೆ ಬರೆದುಕೊಟ್ಟಿದ್ದಾನೆ. ಅದನ್ನು ನಿಜ ಮಾಡಲು ನೀನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.