ಹಿತ್ತಾಳೆಯ ಹಲ್ಲು

ಗುರುವಾರ, ಬೆಳಿಗ್ಗೆ

ಮುದ್ದು ಪುಟ್ಟೀ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಕೋಪ ಬಂದಿರುತ್ತೆ. ಬರಲಿ, ಸಿಕ್ಕಾಗ ಎಷ್ಟು ಬೇಕಾದರೂ ಬೈಯುವಿಯಂತೆ. ಇಲ್ಲಿ ಅಮ್ಮನ ಮಂಡಿನೋವು, ನಿನ್ನ ಭಾವನ ಗೊರಕೆ ಎರಡೂ ಇದ್ದ ಹಾಗೇ ಇವೆ. ಫೋನ್ ಮಾಡಿದರೆ ಮೊದಲು ಎತ್ತೋದು ನಿನ್ನ ಯಜಮಾನರು. ಅದಕ್ಕೇ ಇದನ್ನ ಭಾವನ ಕೈಯಲ್ಲಿ ನಿನ್ನ ಕನ್ನಡಕದಂಗಡಿಗೇ ಕಳಿಸ್ತಿದ್ದೀನಿ. ಬಾಯಲ್ಲಿ ಹೇಳಿ ಕಳಿಸಿದರೆ ಅರ್ಧ ದಾರಿಯಲ್ಲೇ ಮರೀತಾರೆ, ನಿನಗೆ ಗೊತ್ತಲ್ಲ. ಪೂರ್ತಿ ಓದೋವರೆಗೆ ಯಾರ ಹತ್ತಿರಾನೂ ಮಾತಾಡಬೇಡ.

ಹೋದ ತಿಂಗಳು ನಿನ್ನ ಯಜಮಾನರು ನನ್ನ ರಿಪೇರಿ ಅಂಗಡಿಗೆ ಒಂದು ಹಳೇ ಕೈಬೈರಿಗೆ ಕಳಿಸಿದ್ರು. “ನಮ್ಮ ತಾತನದು ಅಕ್ಕಾ. ಎಷ್ಟು ಹಳೇದು ಅಂತ ನೋಡಿ ಒಂದು ಚೀಟಿ ಬರೆದುಕೊಡಿ, ಕೊಳ್ಳೋರು ನಿಮ್ಮ ಮಾತು ನಂಬ್ತಾರೆ. ಬಣ್ಣ ಮಾತ್ರ ಕೆರೆಯಬೇಡಿ” ಅಂದಿದ್ರು.

ಅದನ್ನ ಮೇಜಿನ ಮೇಲಿಟ್ಟು ನೋಡಿದೆ. ಕೊರೆಯೋ ಮೊಳೆಯನ್ನ ಕಚ್ಚಿ ಹಿಡಿಯೋ ದವಡೆ ಎರಡೇ. ಆಮೇಲೆ ಬಂದ ಬೈರಿಗೆಗಳಿಗೆ ಮೂರಿರುತ್ತೆ. ತಿರುಗೋ ಚಕ್ರ ಎರಕದ್ದು, ಅದರ ಕಡ್ಡಿಗಳು ಬಳ್ಳಿ ಥರ ಬಾಗಿದ್ವು. ನೂರು ವರ್ಷಕ್ಕೆ ಕಮ್ಮಿಯಿಲ್ಲ ಅಂತ ಕಣ್ಣು ಮುಚ್ಚಿಕೊಂಡು ಬರೆದುಕೊಡಬಹುದಿತ್ತು. ಆದರೆ ಚಕ್ರದ ಕೆಂಪು ಬಣ್ಣ ಯಾಕೋ ಮನಸ್ಸಿಗೆ ಒಪ್ಪಲಿಲ್ಲ. ಹಳೇ ಬಣ್ಣ ಉಗುರು ತಾಗಿದರೆ ಹಕ್ಕಳೆ ಏಳುತ್ತೆ, ಇದು ಮೆತ್ತಗೆ ಉಗುರಿಗೇ ಅಂಟಿಕೊಂಡಿತು. ಥಿನ್ನರ್‌ನಲ್ಲಿ ಹತ್ತಿ ಅದ್ದಿ ಉಜ್ಜಿದೆ. ಚಕ್ರದ ಅಂಚಿನ ಹಲ್ಲುಗಳ ಸಾಲಿನಲ್ಲಿ ಒಂದು ಹಲ್ಲು ಹಳದಿಯಾಗಿ ಹೊಳೀತು.

ಪುಟ್ಟೀ, ಮುರಿದ ಹಲ್ಲಿನ ಜಾಗದಲ್ಲಿ ಆ ಹಿತ್ತಾಳೆ ಹಲ್ಲು ಕೂರಿಸಿದ್ದು ನಾನೇ. ಅರ ಹಾಕುವಾಗ ನನ್ನ ಕೈ ಸ್ವಲ್ಪ ಎಡಕ್ಕೆ ವಾಲುತ್ತೆ, ಆ ವಾಲು ಅದರಲ್ಲಿ ಹಾಗೇ ಇತ್ತು. ಅದು ಗರಗಸದಜ್ಜನ ಬೈರಿಗೆ. ನಮ್ಮ ಹಿಂದಿನ ಬೀದಿಯ ಬಡಗಿ ಅಜ್ಜ, ಹೋದ ವರ್ಷ ಅಟ್ಟದ ಏಣಿಯ ಬುಡದಲ್ಲಿ ಸತ್ತುಬಿದ್ದಿದ್ದನಲ್ಲ, ಅವನದು. ಕಾಲು ಜಾರಿ ಬಿದ್ದ ಅಂತ ಎಲ್ಲರೂ ನಂಬಿದ್ವಿ.

ಸಂತೆಯಲ್ಲೆಲ್ಲೋ ಕೊಂಡು, ಬೆಲೆ ಬರಲಿ ಅಂತ ತಾತನ ಹೆಸರು ಹೇಳಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫೋನ್ ಮಾಡಿ, “ನಿಮ್ಮ ತಾತ ಇದನ್ನ ಎಲ್ಲಿ ತಗೊಂಡಿದ್ರು?” ಅಂತ ಕೇಳಿದೆ. “ಬಣ್ಣ ಕೆರೆದ್ರಾ ಅಕ್ಕಾ?” ಅಂದ್ರು.

“ಇಲ್ಲ” ಅಂದೆ.

“ಒಳ್ಳೇದಾಯ್ತು. ಶುಕ್ರವಾರ ನಾನೇ ಬಂದು ತಗೊಂಡು ಹೋಗ್ತೀನಿ. ನಿಮ್ಮ ತಂಗೀನ ಕರ್ಕೊಂಡು ಬರ್ಲಾ, ಬೇಡ್ವಾ?”

ದನಿ ಬೆಣ್ಣೆಯ ಹಾಗಿತ್ತು. ಫೋನ್ ಇಟ್ಟವಳೇ ಬೈರಿಗೆಯನ್ನ ಚೀಲಕ್ಕೆ ಹಾಕಿದೆ.

ಅಜ್ಜನ ಮಗಳ ಮನೆಗೆ ಹೋದೆ. ಅವಳು ಬೈರಿಗೆಯ ಹಿಡಿ ಮುಟ್ಟಿದವಳೇ, “ಇದು ಅಪ್ಪಂದು, ಅಪ್ಪ ಸತ್ತ ದಿನದಿಂದ ಕಾಣಿಸ್ತಿರಲಿಲ್ಲ” ಅಂದಳು. “ಅಪ್ಪ ಸಾಯೋ ಹಿಂದಿನ ದಿನ ಒಬ್ಬರು ಬಂದು ಇದನ್ನ ಕೇಳಿದ್ರು. ಪ್ರಾಣ ಹೋದರೂ ಕೊಡಲ್ಲ ಅಂತ ಅಪ್ಪ ನಕ್ಕ. ಅವರೂ ನಕ್ಕರು. ತುಂಬಾ ಮರ್ಯಾದಸ್ಥರು” ಅಂದಳು. ನಿಮ್ಮ ಮದುವೆ ಫೋಟೋ ತೋರಿಸಿದೆ. ಅವಳು ನಿನ್ನ ಪಕ್ಕದಲ್ಲಿ ನಿಂತವನ ಮುಖದ ಮೇಲೆ ಬೆರಳಿಟ್ಟಳು.

ಇನ್ನು ಅವನನ್ನ ಅವರು ಇವರು ಅಂತ ಬರೆಯೋಕೆ ನನ್ನ ಕೈಯಲ್ಲಿ ಆಗಲ್ಲ.

ನಿನ್ನೆ ಬೈರಿಗೆಯನ್ನ ಪೊಲೀಸರಿಗೆ ಕೊಟ್ಟೆ. ಇನ್ಸ್‌ಪೆಕ್ಟರು, “ನಾಳಿದ್ದು ಅವನು ಬಂದಾಗ ನಾವು ನಿಮ್ಮ ಅಂಗಡಿಯಲ್ಲೇ ಇರ್ತೀವಿ. ಅಲ್ಲಿವರೆಗೆ ಅವನಿಗೆ ಸುಳಿವು ಹತ್ತಬಾರದು” ಅಂದ್ರು. ನಿನ್ನನ್ನ ಅಲ್ಲಿಂದ ಹೊರಡಿಸಬೇಕಲ್ಲ ಅಂತ ಅಮ್ಮನಿಗೊಬ್ಬಳಿಗೆ ವಿಷಯ ಹೇಳಿದ್ದೀನಿ. ತನಗೆ ಹುಷಾರಿಲ್ಲ ಅಂತ ಇವತ್ತು ನಿನಗೆ ಫೋನ್ ಮಾಡ್ತಾಳೆ. ಅದು ಸುಳ್ಳು ಕಾಯಿಲೆ, ಹೆದರಬೇಡ. ಮನೆಗೆ ಹೋಗಿ, ಮುಖದಲ್ಲಿ ಏನೂ ತೋರಿಸದೆ, ಎರಡು ಬಟ್ಟೆ ತಗೊಂಡು ಭಾವನ ಜೊತೆ ಬಂದುಬಿಡು.

ನಿನಗೆ ಒಳ್ಳೇದಾಗಲಿ ಕಂದಾ. ನಿನ್ನ ಕೂದಲೂ ಕೊಂಕದಿರಲಿ. ನಿನ್ನ ಹಾಸಿಗೆ ಹಾಸಿಟ್ಟಿರ್ತೀನಿ.

ನಿನ್ನ
ಅಕ್ಕ

ತಾ. ಕ.: ಕಾಗದ ಮಡಿಸುವಾಗ ಒಳಗೆ ಅಮ್ಮ ಫೋನಿನಲ್ಲಿ ಮಾತಾಡೋದು ಕೇಳಿಸ್ತು. ನಿನ್ನ ಹತ್ತಿರ ಅಂದ್ಕೊಂಡೆ. ಅಳಿಯನ ಹತ್ತಿರ. ಅಜ್ಜನ ಮಗಳು, ಪೊಲೀಸರು, ಎಲ್ಲಾ ಹೇಳಿಬಿಟ್ಟಿದ್ದಾಳೆ. ಹೀಗ್ಯಾಕೆ ಮಾಡಿದೆ ಅಂದ್ರೆ, “ಸತ್ತ ಮುದುಕ ಎದ್ದು ಬರ್ತಾನಾ? ಅಳಿಯ ಎಲ್ಲಾದ್ರೂ ತಪ್ಪಿಸಿಕೊಳ್ಳಲಿ, ಅವಳ ಸಂಸಾರ ಉಳೀಲಿ” ಅಂದಳು. “ಅವಳನ್ನೇ ಅವನು ಏನಾದರೂ ಮಾಡಿದ್ರೆ?” ಅಂತ ಕೇಳಿದೆ. “ಗಂಡ ತಾನೇ” ಅಂದಳು. ನಮ್ಮಮ್ಮ, ಪುಟ್ಟೀ, ನಮ್ಮನ್ನ ಹೆತ್ತವಳು. ಮನೆಗೆ ಹೋಗಬೇಡ. ಬಟ್ಟೆ ಬೇಡ, ಏನೂ ಬೇಡ. ಅಂಗಡಿಯ ಹಿಂಬಾಗಿಲಿಂದ ಈಗಲೇ ಭಾವನ ಜೊತೆ ಹೊರಡು.